ಮರಾಠಿಯ ನಾದ

ಒಂದೇ ಒಂದು ಶಬ್ದವನ್ನು ತಪ್ಪು ತಿಳಿದುಕೊಂಡು ನಾನು ನನ್ನ ಮಗಳಿಂದ ಹನ್ನೆರಡು ವರ್ಷ ಹಾಡಿಸಿದೆ. ಅವಳಿಗೆ ಹಾಡು ಬರುತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಮೊದಲ ನಾಲ್ಕು ವರ್ಷ ನನ್ನ ದಡ್ಡತನದ ಲೆಕ್ಕಕ್ಕೆ ಹೋಗಲಿ. ಉಳಿದ ಎಂಟು ವರ್ಷದ್ದು ಬೇರೆ ಕಥೆ. ಅದನ್ನು ಒಪ್ಪಿಕೊಳ್ಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ.

ಉಡುಪಿಯಲ್ಲಿ ಹೈಸ್ಕೂಲು ಮುಗಿಸಿ ಡೊಂಬಿವಲಿಗೆ ಬಂದವನು ನಾನು. ಸ್ಟೇಷನ್ನಿನ ಹತ್ತಿರ ಸೋದರಮಾವನ ಹೋಟೆಲು. ಬಂದವನು ಗಲ್ಲಾದಲ್ಲಿ ಕುಳಿತೆ. ಅಡುಗೆಮನೆಯಲ್ಲೂ ತುಳು, ಮನೆಯಲ್ಲೂ ತುಳು, ಶನಿವಾರದ ಭಜನೆಯಲ್ಲಿ ಕನ್ನಡ. ಮರಾಠಿ ಅಂದರೆ ಬರೇ ಗಲ್ಲಾದ ಮರಾಠಿ. ಬಸಾ ಬಸಾ, ಕಾಯ ಪಾಹಿಜೆ, ಸುಟ್ಟೆ ದ್ಯಾ; ಕೂತುಕೊಳ್ಳಿ, ಏನು ಬೇಕು, ಚಿಲ್ಲರೆ ಕೊಡಿ. ಅಷ್ಟರಲ್ಲೇ ಅರ್ಧ ಆಯುಷ್ಯ ಆರಾಮವಾಗಿ ಕಳೆಯಿತು. ಹಾಡುಗಾರನಾಗಬೇಕೆಂದು ಒಂದು ಕಾಲದಲ್ಲಿ ಆಸೆಯಿತ್ತು. ಅದು ಕೊನೆಗೆ ಭಜನಾ ಮಂಡಳಿಯ ಹಿಂದಿನ ಸಾಲಿನಲ್ಲಿ ಹೋಗಿ ಕೂತಿತು.

ಮಗಳು ಮರಾಠಿ ಶಾಲೆಯಲ್ಲಿ ಮೂರನೆಯ ತರಗತಿಯಲ್ಲಿದ್ದಳು. ಪಾಲಕರ ಸಭೆಗೆ ಹೋದಾಗ ಅವಳ ಟೀಚರು, ಅಲ್ಲಿ ‘ಬಾಯಿ’ ಅನ್ನುತ್ತಾರೆ, ತಲೆಯಾಡಿಸುತ್ತಾ ಹೇಳಿದರು: "ತಿಲಾ ಭಾರೀ ನಾದ ಆಹೆ ಹೋ. ಲಕ್ಷ ದ್ಯಾ."

ಅವಳಿಗೆ ಭಾರೀ ನಾದ ಇದೆ, ಗಮನ ಕೊಡಿ! ನನ್ನ ಕಣ್ಣು ತುಂಬಿ ಬಂತು. ಎರಡೂ ಕೈ ಜೋಡಿಸಿ ನಮಸ್ಕಾರ ಮಾಡಿದೆ. ದೂರು ಹೇಳಿದರೆ ಇಷ್ಟು ಸಂತೋಷಪಡುವ ತಂದೆಯನ್ನು ಅವರು ಅದೇ ಮೊದಲು ನೋಡಿದ್ದಿರಬೇಕು.

ಮನೆಗೆ ಬಂದು ಹೆಂಡತಿಗೆ ಹೇಳಿದೆ.

"ನಾದವಾ? ಇವಳಿಗಾ? ಪಾತ್ರೆ ಬಿದ್ದ ಹಾಗೆ ಕೂಗ್ತಾಳಲ್ಲ ಮಾರಾಯ್ರೆ!"

"ನಿನಗೆ ಗೊತ್ತಾಗುದಿಲ್ಲ. ಬಾಯಿ ಹೇಳಿದ್ದು."

ಹಾರ್ಮೋನಿಯಂ ಬಂತು. ಪಕ್ಕದ ಗಲ್ಲಿಯಲ್ಲಿ ಕ್ಲಾಸು, ಮಂಗಳವಾರ ಮತ್ತು ಶುಕ್ರವಾರ. ಮಗಳು ಕಷಾಯ ಕುಡಿಯುವವಳ ಮುಖ ಮಾಡಿಕೊಂಡು ಹೋಗುತ್ತಿದ್ದಳು. ಭಜನಾ ಮಂಡಳಿಯಲ್ಲಿ ನಾನು ಹಿಂದಿನ ಸಾಲಿನಿಂದ ಮುಂದಿನ ಸಾಲಿಗೆ ಬಂದೆ. ಹಾಡುವ ಹುಡುಗಿಯ ಅಪ್ಪ ಅಲ್ಲವೇ!

ನಾಲ್ಕು ವರ್ಷದ ನಂತರ ಒಂದು ಬೆಳಿಗ್ಗೆ, ದಿನಾ ಚಹಾಕ್ಕೆ ಬರುವ ಗಿರಾಕಿಯೊಬ್ಬರು ಗಲ್ಲಾಕ್ಕೆ ಒರಗಿ ತಮ್ಮ ಭಾವಮೈದುನನ ಸಂಕಟ ತೋಡಿಕೊಂಡರು. ಅವನಿಗೆ ಇಸ್ಪೀಟಿನ ನಾದ ಹತ್ತಿದೆಯಂತೆ.

"ಇಸ್ಪೀಟಿನಲ್ಲಿ ಎಂಥ ನಾದ ಸಾಹೇಬ?" ಎಂದು ನನಗೆ ಬರುವ ಮರಾಠಿಯಲ್ಲಿ ಕೇಳಿದೆ.

ಅವರು ಚಹಾ ಚೆಲ್ಲುವಷ್ಟು ನಕ್ಕರು. "ಅಹೋ ಅಣ್ಣಾ, ನಾದ ಮ್ಹಣಜೆ ವೇಡ!"

ವೇಡ ಅಂದರೆ ಹುಚ್ಚು, ಗೀಳು. ಅದು ನನ್ನ ಗಲ್ಲಾದ ಮರಾಠಿಗೂ ಗೊತ್ತಿತ್ತು. ಹಾಗಾದರೆ ಮಗಳಿಗೆ ಇದ್ದ ಗೀಳು ಯಾವುದು? ಮಧ್ಯಾಹ್ನ ಮನೆಗೆ ಹೋಗಿ ಅವಳ ಮಂಚದ ಕೆಳಗೆ ಬಗ್ಗಿ ನೋಡಿದೆ. ಅಲ್ಲಿ ಇಡೀ ಡೊಂಬಿವಲಿ ಇತ್ತು. ಊದುಬತ್ತಿ ಪೆಟ್ಟಿಗೆಯ ಚಾಳಿನ ಮನೆಗಳು, ಬೆಂಕಿಕಡ್ಡಿಯ ರೇಲ್ವೆ ಬ್ರಿಜ್ಜು, ಮದುವೆ ಕರೆಯೋಲೆ ಕತ್ತರಿಸಿ ಮಾಡಿದ ಸ್ಟೇಷನ್ನು. ನಮ್ಮ ಹೋಟೆಲಿನ ಬಾಗಿಲಲ್ಲಿ ಒಂದು ಗಲ್ಲಾ, ಗಲ್ಲಾದ ಹಿಂದೆ ಹೊಟ್ಟೆಯಿರುವ ಒಬ್ಬ ಮನುಷ್ಯ.

ಅವತ್ತೇ ಕ್ಲಾಸು ಬಿಡಿಸಬೇಕಿತ್ತು. ಬಿಡಿಸಲಿಲ್ಲ. ಮುಂದಿನ ಸಾಲು ಬಿಟ್ಟುಕೊಡಲು ಮನಸ್ಸಾಗಲಿಲ್ಲ, ಅಷ್ಟೇ. ಅಷ್ಟಕ್ಕೇ ನಿಲ್ಲಲಿಲ್ಲ. ಹತ್ತನೆಯ ಪರೀಕ್ಷೆ ಹತ್ತಿರ ಬಂದಾಗ, ಅವಳು ಶಾಲೆಗೆ ಹೋದ ಸಮಯ ನೋಡಿ ಆ ಊರನ್ನು ಪೂರ್ತಿ ಭಂಗಾರದವನ, ಅಂದರೆ ಗುಜರಿಯವನ, ಗಾಡಿಗೆ ಹಾಕಿದೆ. ಇರುವೆ ಹತ್ತಿತ್ತು ಎಂದು ಸುಳ್ಳು ಹೇಳಿದೆ. ಅವಳು ಹಾರ್ಮೋನಿಯಂ ಪುಸ್ತಕ ತೆಗೆದುಕೊಂಡು ಕ್ಲಾಸಿಗೆ ಹೋದಳು.

ಅವಳ ಬಿ.ಕಾಂ. ಮುಗಿಯಿತು. ಭಜನೆಯ ಪರಿಚಯದವರನ್ನು ಹಿಡಿದು ಠಾಣೆಯ ಒಂದು ಶಾಲೆಯಲ್ಲಿ ಸಂಗೀತದ ಟೀಚರ್ ಕೆಲಸ ಗೊತ್ತುಮಾಡಿದೆ. ಹನ್ನೊಂದು ಗಂಟೆಗೆ ಇಂಟರ್‌ವ್ಯೂ. ಲೋಕಲಿನಲ್ಲಿ ಅವಳು ಲೇಡೀಸ್ ಡಬ್ಬಿ, ನಾನು ಗಂಡಸರ ಡಬ್ಬಿ. ಠಾಣೆಯಲ್ಲಿ ಇಳಿದು ಬ್ರಿಜ್ಜಿನ ಮೇಲೆ ಸಿಕ್ಕಾಗ ಅವಳು ನಿಂತೇ ಬಿಟ್ಟಳು.

"ಪಪ್ಪಾ, ಮಲಾ ಗಾಣಂ ನಕೋ."

ಹಾಡು ಬೇಡವಂತೆ. ಮುಂದಿನದನ್ನೂ ಅವಳು ಮರಾಠಿಯಲ್ಲೇ ಹೇಳಿದ್ದು, ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಬಿಲ್ಡರುಗಳ ಆಫೀಸಿನಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಪುಟ್ಟ ಕಟ್ಟಡಗಳ ಮಾದರಿ ಇಡುತ್ತಾರಲ್ಲ, ಅದನ್ನು ಮಾಡುವ ಕಾರ್ಖಾನೆ ಘಣಸೋಲಿಯಲ್ಲಿದೆ. ಅವರೂ ಅವತ್ತೇ ಹನ್ನೊಂದಕ್ಕೆ ಕರೆದಿದ್ದರು. ಕೈಕೆಲಸ ನೋಡಿ ಸೇರಿಸಿಕೊಳ್ಳುತ್ತಾರೆ, ತಪ್ಪಿದರೆ ಇನ್ನೊಬ್ಬರಿಗೆ.

"ಶಾಲೆಯವರಿಗೆ ಮಾತು ಕೊಟ್ಟಾಗಿದೆ ಮಗಾ."

"ಮಾತು ಕೊಟ್ಟದ್ದು ನೀವು, ಹಾಡಬೇಕಾದ್ದು ನಾನಾ?"

"ನಿನ್ನ ಶಾಲೆಯ ಬಾಯಿಯೇ ಹೇಳಿದ್ದಲ್ವಾ, ನಿನಗೆ ನಾದ ಇದೆ ಅಂತ!" ಬಾಯಿತಪ್ಪಿ ಬಂತು.

ಅವಳು ಕಣ್ಣರಳಿಸಿದಳು. "ಕಾಗದ ಕತ್ತರಿಸುವ ನಾದ ಪಪ್ಪಾ! ಪಾಠದ ಮಧ್ಯೆ ಕತ್ತರಿ ಹಿಡಿದು ಸಿಕ್ಕಿಬಿದ್ದಿದ್ದೆ. ಅದಕ್ಕಾ ಹಾರ್ಮೋನಿಯಂ ತಂದದ್ದು?"

ಬ್ರಿಜ್ಜಿನ ಕಂಬಿ ಹಿಡಿದುಕೊಂಡು ನಕ್ಕಳು. ಜನ ನಮ್ಮನ್ನು ಬೈಯುತ್ತಾ ಬದಿಯಿಂದ ಹೋಗುತ್ತಿದ್ದರು. ನಾನೂ ನಕ್ಕೆ. ಆಗ ಕೇಳಿದಳು, "ನಿಮಗೆ ಯಾವಾಗ ಗೊತ್ತಾಯಿತು?"

ಈಗ ತಾನೆ ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅನ್ನಲಾಗಲಿಲ್ಲ.

"ನೀನು ಏಳನೆಯಲ್ಲಿದ್ದಾಗ."

ನಗು ನಿಂತಿತು. "ಮತ್ತೆ ನನ್ನ ಡೊಂಬಿವಲಿ?"

"ಇರುವೆ ಹತ್ತಿರಲಿಲ್ಲ."

ಅವಳು ಬ್ಯಾಗು ಹೆಗಲಿಗೆ ಏರಿಸಿಕೊಂಡಳು. "ಶಾಲೆಗೆ ನೀವೇ ಹೋಗಿ. ನೀವೇ ಹಾಡಿ." ಘಣಸೋಲಿಗೆ ಹೋಗುವ ಪನ್ವೇಲ್ ಗಾಡಿಯ ಪ್ಲಾಟ್‌ಫಾರ್ಮಿನ ಮೆಟ್ಟಿಲು ಇಳಿದು ಹೋದಳು. ನಾನು ತಡೆಯಲಿಲ್ಲ. ಆ ಹನ್ನೆರಡು ವರ್ಷದಲ್ಲಿ ನಾನು ಮಾಡಿದ ಒಳ್ಳೆಯ ಕೆಲಸ ಅದೊಂದೇ.

ಶಾಲೆಗೆ ನಿಜಕ್ಕೂ ಹೋದೆ. ಹಾಡಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಹೆಡ್‌ಮಿಸ್ಟ್ರೆಸ್ಸು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕು ಚಹಾ ತರಿಸಿದರು.

ಘಣಸೋಲಿಯವರು ಅವಳನ್ನು ತೆಗೆದುಕೊಂಡರು. ನನ್ನೊಡನೆ ಮಾತು ಶುರುವಾಗಲು ಒಂದು ತಿಂಗಳು ಹಿಡಿಯಿತು. ಈಗ ಸೀವುಡ್ಸ್ ಕಡೆಯ ಎಷ್ಟೋ ಕಟ್ಟಡಗಳು ಮೇಲೇಳುವ ಮೊದಲು ಅವಳ ಮೇಜಿನ ಮೇಲೆ ನಿಲ್ಲುತ್ತವೆ. ಶಬ್ದ ತಪ್ಪಿದ್ದನ್ನು ಅವಳು ಮನ್ನಿಸಿದ್ದಾಳೆ, ನೆಂಟರ ಮುಂದೆ ಹೇಳಿ ನಗುತ್ತಾಳೆ. ಭಂಗಾರದ ಗಾಡಿಯ ವಿಷಯ ಇನ್ನೂ ಎತ್ತುವುದಿಲ್ಲ. ನಾನು ಎತ್ತಿದರೆ ಎದ್ದು ಹೋಗುತ್ತಾಳೆ.

ಹೋಟೆಲು ಬಿಟ್ಟ ಮೇಲೆ ನನಗೂ ಏನಾದರೂ ಕೆಲಸ ಕೊಡು ಎಂದು ಕೇಳಿಕೊಂಡೆ. ಕೊಟ್ಟಳು, ಮಾದರಿಗೆ ಬೇಕಾದ ಪುಟ್ಟ ಮರ ಮಾಡುವುದು: ತಂತಿ ಹೊಸೆದು, ಹಸಿರು ಸ್ಪಂಜಿನ ಚೂರು ಅಂಟಿಸುವುದು. ಭಾನುವಾರ ಅವಳು ಕನ್ನಡಕ ಏರಿಸಿಕೊಂಡು ಒಂದೊಂದನ್ನೇ ಎತ್ತಿ ನೋಡುತ್ತಾಳೆ, ಹತ್ತರಲ್ಲಿ ಆರನ್ನು ಆಗದೆಂದು ಬದಿಗಿಡುತ್ತಾಳೆ.

"ಪಪ್ಪಾ, ಇದು ಮರ ಅಲ್ಲ, ಹೂಕೋಸು. ಪರತ್ ಕರಾ."

ತಿರುಗಿ ಮಾಡುತ್ತೇನೆ.