ಹೊನ್ನಕ್ಕನ ಎಡಗಾಲು

ಕಾಲು ಮುಂದಾಗಿ ಹುಟ್ಟಿದವರು ತುಳಿದರೆ ಹಿಡಿದ ಸೊಂಟ ಬಿಡುತ್ತದೆಂದು ನಮ್ಮ ಕಡೆ ನಂಬುತ್ತಾರೆ. ಹಾಗೆ ಹುಟ್ಟಿದ ತಪ್ಪಿಗೆ ಹಳ್ಳಿಮೈಸೂರಿನ ನಮ್ಮ ಪಕ್ಕದ ಮನೆ ಹೊನ್ನಕ್ಕ ಬಿಸಿ ಮುದ್ದೆ ಉಂಡದ್ದನ್ನು ನಾನು ಕಂಡಿಲ್ಲ. ಅವಳು ಮುದ್ದೆ ಮುರಿಯುವ ಹೊತ್ತಿಗೆ ಸರಿಯಾಗಿ ಯಾರಾದರೂ ನರಳುತ್ತ ಬಂದು ಜಗಲಿಯ ಮೇಲೆ ಬೋರಲು ಬೀಳುತ್ತಾರೆ. ಆಕೆ ಕೈ ತೊಳೆದು, ಸೀರೆ ಎತ್ತಿ ಕಟ್ಟಿ, "ಉಸ್ರು ಬುಡ್ಲಾ, ಕ್ವಾಣನಂಗೆ ಬಿಗಿದ್ಕಂಡು ಮಲಗ್ಬ್ಯಾಡ" ಎಂದು ಗದರಿ ಎಡಗಾಲಲ್ಲಿ ಮೆಲ್ಲಗೆ ತುಳಿಯುತ್ತಾಳೆ. ಅರಕಲಗೂಡಿನ ಶಾನುಭೋಗರಿಗೂ ಅದೇ ಗದರಿಕೆ, 'ಲಾ' ಒಂದಿಲ್ಲ ಅಷ್ಟೆ. ಎದ್ದವನು ನೆಟ್ಟಗೆ ನಡೆದರೆ ಅವಳ ಕಾಲಿನ ಗುಣ, ನಡೆಯದಿದ್ದರೆ ಅವನ ಕರ್ಮ. "ಉಣ್ಣೋ ಹೊತ್ತಿಗೆ ಬರೋರನ್ನ ಬೈದು ಅಟ್ಟಬಾರದಾ?" ಎಂದು ನಾನು ರೇಗಿದರೆ, "ನೋವು ಅಂತ ಬತ್ತಾರೆ, ಓಗ್ಲಿ ಬುಡಣ್ಣ" ಎನ್ನುತ್ತಾಳೆ. ಅದೇ ಮನೆಯೊಳಗೆ ಅವಳ ಗಂಡ ಗುಂಡಯ್ಯ, ಕಬ್ಬಿನ ಹೊರೆ ಎತ್ತುವಾಗ ಸೊಂಟ ಹೋದಾಗಿನಿಂದ, ಗೋಡೆ ಹಿಡಿದು ನಡೆಯುತ್ತಾನೆ. "ಕಟ್ಕಂಡೋಳ ಕೈಲಿ ತುಳುಸ್ಕಂಡು ಎದ್ದು ಓಡಾಡೋಕಿಂತ ಇಂಗೇ ಬಿದ್ದಿರ್ತೀನಿ" ಎಂಬುದು ಅವನ ಹಟ. ಮೊದಮೊದಲು ಆಕೆ ಅವನ ಕಾಲು ಹಿಡಿದು ಬೇಡಿದಳು. ಈಗ ಬೇಡುವುದನ್ನೂ ಬಿಟ್ಟಿದ್ದಾಳೆ. ಊರವರನ್ನೆಲ್ಲ ತುಳಿದು ಕಳಿಸಿದ ಮೇಲೆ ಹರಳೆಣ್ಣೆ ಬಿಸಿ ಮಾಡಿಕೊಂಡು ಅವನ ಸೊಂಟವನ್ನು ಕೈಯಲ್ಲೇ ನೀವುತ್ತ ಕೂರುತ್ತಾಳೆ. ಮೊನ್ನೆ ಸಂಜೆ ಹೋದಾಗ, "ಏನಾದ್ರೂ ಕಮ್ಮಿ ಆಯ್ತಾ?" ಎಂದು ಕೇಳಿದೆ. ಆಕೆ ನೀವುವುದನ್ನು ನಿಲ್ಲಿಸಲಿಲ್ಲ. "ಕೈಗೆ ಆ ಗುಣ ಇಲ್ಲ ಕಣಣ್ಣ" ಎಂದಳು.