ಸೋಮಮ್ಮನ ಬ್ರಹ್ಮಕಮಲದ ಕುಂಡ

ಕುಂಬಾರಕೊಪ್ಪಲಿನ ಡ್ರಿಲ್ ನಂಜುಂಡಸ್ವಾಮಿಯನ್ನು ಹೂಕುಂಡ ತೂಗುಹಾಕಲು ಕರೆದಿರೋ, ಅರ್ಧ ದಿನ ಹೋಯಿತೆಂದೇ ತಿಳಿಯಿರಿ. ಮೊದಲು ಗಿಡಕ್ಕೆ ತಳದಿಂದ ಸೋರುವಷ್ಟು ನೀರು ಹಾಕಿಸುತ್ತಾನೆ. ಆಮೇಲೆ ಆ ನೆನೆದ ಕುಂಡವನ್ನು ತಕ್ಕಡಿಗೆ ಸಿಕ್ಕಿಸಿ ತೂಗುತ್ತಾನೆ. ಸುತ್ತಿಗೆಯ ಹಿಡಿಯಿಂದ ಚಾವಣಿಯನ್ನು ತಟ್ಟಿ ತಟ್ಟಿ ಕಿವಿಗೊಡುತ್ತಾನೆ. ಗಾರೆ ದಾಟಿ ಗಟ್ಟಿ ಕಾಂಕ್ರೀಟಿನೊಳಕ್ಕೆ ಕೊರೆದು, ಕಬ್ಬಿಣದ ಬೋಲ್ಟು ಬಿಗಿದು, ಕೊನೆಗೆ ಕೊಕ್ಕೆಯನ್ನು ಎರಡೂ ಕೈಯಲ್ಲಿ ಹಿಡಿದು ತಾನೇ ನೇತಾಡುತ್ತಾನೆ! ಎಪ್ಪತ್ತು ಕೆ.ಜಿ. ಆಳು, ಕಾಲು ಮಡಚಿಕೊಂಡು, ಕಣ್ಣು ಮುಚ್ಚಿಕೊಂಡು. "ಏನ್ ಸ್ವಾಮೇರೆ, ಬಾವಲಿ ಆಗ್ಬುಟ್ರಲ್ಲ?" ಎಂದು ಮನೆಯವರು ಕಿಚಾಯಿಸಿದರೂ ನಗುವುದಿಲ್ಲ. "ಇದ್ರ ಕೆಳಗೆ ಮಾತ್ರ ಕುರ್ಚಿ ಹಾಕ್ಬೇಡಿ ಕಣಮ್ಮ," ಎಂದು ಮೂರು ಸಲ ಹೇಳಿ ಹೊರಡುತ್ತಾನೆ.

ಬಹಳ ಜಾಗ್ರತೆಯ ಮನುಷ್ಯ ಎಂದು ಜನ ಹೊಗಳುತ್ತಾರೆ. ಜಾಗ್ರತೆಯಂತೆ, ಮಣ್ಣಂಗಟ್ಟಿ! ಅದು ಭಯ. ಮದುವೆ ಛತ್ರದಲ್ಲಿ ಫ್ಯಾನಿನ ಕೆಳಗೆ ಎಲೆ ಹಾಕಿದರೆ ಎದ್ದು ಬೇರೆ ಸಾಲಿಗೆ ಹೋಗುತ್ತಾನೆ. ಹೆಂಡತಿ ಬಸಮ್ಮ ಒಣಹಾಕಿದ ಸೀರೆಯಿಂದ ನೀರು ತೊಟ್ಟಿಕ್ಕಿದರೆ ತಲೆ ಮುಚ್ಚಿಕೊಂಡು ಆಚೆ ಸರಿಯುತ್ತಾನೆ. ಮಟಮಟ ಮಧ್ಯಾಹ್ನ, ಬೀದಿ ತುಂಬ ಜನರಿರುವಾಗಲೇ, ಹಿಂದೆ ಯಾರೋ ಪೇಪರ್ ಮಡಚಿದ ಸದ್ದಾಗಿ ತಿರುಗಿ ನೋಡುತ್ತಾನೆ. ಯಾರೂ ಇರುವುದಿಲ್ಲ. ಯಾರೆಂದು ಮಾತ್ರ ಅವನಿಗೆ ಚೆನ್ನಾಗಿ ಗೊತ್ತು.

ಮೂರು ವರ್ಷದ ಹಿಂದಿನ ಮಾತು. ಬನ್ನಿಮಂಟಪದಲ್ಲಿ ಮಂಟೇಸ್ವಾಮಿ ಎಂಬ ನಿವೃತ್ತ ಬಸ್ ಡ್ರೈವರ್ ಇದ್ದರು. ಅವರ ಹೆಂಡತಿ ಸೋಮಮ್ಮ ಸಿಮೆಂಟಿನ ದೊಡ್ಡ ಕುಂಡದಲ್ಲಿ ಬ್ರಹ್ಮಕಮಲ ಬೆಳೆಸಿ, ಅದನ್ನು ಮುಂದಿನ ವರಾಂಡದಲ್ಲಿ ತೂಗುಹಾಕಲು ನಂಜುಂಡಸ್ವಾಮಿಯನ್ನು ಕರೆಸಿದರು. ಡ್ರಿಲ್ ಇಟ್ಟರೆ ಹಳೇ ಗಾರೆ ಪುಡಿಪುಡಿ ಉದುರಿತು. ತೂತು ಅಗಲವಾಗಿ, ಪ್ಲಾಸ್ಟಿಕ್ ಪ್ಲಗ್ಗು ಒಳಗೇ ಗಿರಗಿರ ತಿರುಗಿತು. ಬೇರೆ ಕಡೆ ಕೊರೆಯಬೇಕಿತ್ತು. ಆದರೆ ಇನ್ನೊಂದು ಮನೆಯವರು ಗೀಸರ್ ಕೂರಿಸಲು ಕಾಯುತ್ತಿದ್ದರಲ್ಲ! ಅವನು ಜೇಬಿನಿಂದ ಬೆಂಕಿಪೊಟ್ಟಣ ತೆಗೆದು, ಹತ್ತು ಕಡ್ಡಿ ಮುರಿದು ತೂತಿಗೆ ತುರುಕಿ, ಪ್ಲಗ್ಗು ಬಡಿದು, ಸ್ಕ್ರೂ ಕೊಕ್ಕೆ ತಿರುಗಿಸಿದ. ಪರದೆಯ ಸರಳಿಗೆ ಹಾಗೆ ಮಾಡಿ ಮಾಡಿ ಅವನಿಗೆ ಅಭ್ಯಾಸ. ಅವತ್ತು ಕುಂಡದ ಮಣ್ಣು ಒಣಗಿ ಹಗುರವಾಗಿತ್ತು. ತೂಗುಹಾಕಿ, ಒಮ್ಮೆ ಅಲ್ಲಾಡಿಸಿ, "ಆನೆ ಕಟ್ಟುದ್ರೂ ಬೀಳಲ್ಲ ಕಣಕ್ಕ," ಎಂದು ಹೇಳಿ ಹೋದ.

ಎಂಟನೇ ದಿನ ಬೆಳಿಗ್ಗೆ ಸೋಮಮ್ಮ ಸ್ಟೂಲ್ ಹತ್ತಿ ಗಿಡಕ್ಕೆ ಎರಡು ಚೊಂಬು ನೀರು ಹೊಯ್ದು ಒಳಗೆ ಹೋದರು. ಕೆಳಗೆ ಮಂಟೇಸ್ವಾಮಿ ಕುರ್ಚಿಯಲ್ಲಿ ಪೇಪರ್ ಓದುತ್ತಿದ್ದರು. ಕುಂಡ ನೇರ ತಲೆಯ ಮೇಲೆ ಬಿತ್ತು. ಐದು ದಿನ ಆಸ್ಪತ್ರೆಯಲ್ಲಿದ್ದು ಹೋಗಿಬಿಟ್ಟರು.

ಸಾವಿನ ಮನೆಗೆ ನಂಜುಂಡಸ್ವಾಮಿಯೂ ಹೋದ. ವರಾಂಡದ ಮೂಲೆಯಲ್ಲಿ ಆ ಪ್ಲಗ್ಗು, ಅದರ ಸುತ್ತ ಕಡ್ಡಿಯ ಚೂರುಗಳು ಬಿದ್ದಿದ್ದವು. ಚಪ್ಪಲಿ ಬಿಡುವವನಂತೆ ಬಗ್ಗಿ ಅಷ್ಟನ್ನೂ ಆರಿಸಿ ಜೇಬಿಗೆ ಹಾಕಿಕೊಂಡ. ಒಳಗೆ ಸೋಮಮ್ಮ ಎದೆ ಬಡಿದುಕೊಳ್ಳುತ್ತಿದ್ದರು: "ನಾನೇ ನೀರು ಹೊಯ್ದು ಭಾರ ಮಾಡ್ದೆ, ನಾನೇ ಕೊಂದ್ಬುಟ್ಟೆ!" ಅದನ್ನು ಅವನು ಕಿವಿಯಾರೆ ಕೇಳಿಸಿಕೊಂಡ. ಕೇಳಿಸಿಕೊಂಡು, ಕೈಮುಗಿದು ಮನೆಗೆ ಬಂದ, ಪಾಪಿ. ದಾರಿಯಲ್ಲಿ ಜೇಬಿನದನ್ನು ಮೋರಿಗೆ ಸುರಿದ.

ಹೋದ ವಾರ ಆ ಸೋಮಮ್ಮನೇ ಫೋನ್ ಮಾಡಿ ಕರೆದರು. ಆಗಲ್ಲ ಎನ್ನಲಾರದೆ ಹೋದ. ಕೆಳಗೊಂದು ಹೊಸ ಕುಂಡ ಇತ್ತು. ಮೇಲೆ ಚಾವಣಿಯಲ್ಲಿ ಅದೇ ತೂತು, ಯಾರೂ ಮುಚ್ಚಿರಲಿಲ್ಲ.

"ಅದೇ ಗಿಡದ ಎಲೆ ನೆಟ್ಟಿದ್ದು ಕಣಪ್ಪ. ನೆಲದಲ್ಲಿಟ್ರೆ ನಾಯಿ ಕಿತ್ತಾಕ್ತದೆ," ಎಂದರು ಸೋಮಮ್ಮ.

"ಆಗ್ಲಿ ಅಕ್ಕ. ಮೊದ್ಲು ಅದಕ್ಕೆ ನೀರು ಹಾಕಿ, ತೂಕ ನೋಡ್ಬೇಕು."

ಸೋಮಮ್ಮ ಸರಕ್ಕನೆ ಎರಡೂ ಕೈಯನ್ನು ಸೆರಗಿನೊಳಗೆ ಎಳೆದುಕೊಂಡರು. "ನಾನು ಹಾಕಲ್ಲ. ಪಕ್ಕದ್ಮನೆ ಶಿವನಂಜಮ್ಮ ಬಂದು ಹಾಕ್ತಾಳೆ, ಕರೀತೀನಿ ಇರು. ಅವತ್ತಿಂದ ನಾನು ಯಾವ ಗಿಡಕ್ಕೂ ಒಂದು ತೊಟ್ಟು ನೀರು ಹಾಕಿಲ್ಲ."

ನಂಜುಂಡಸ್ವಾಮಿ ಡ್ರಿಲ್ಲನ್ನು ನೆಲದ ಮೇಲಿಟ್ಟ. ಓಡಿಹೋಗೋಣ ಎನ್ನಿಸಿತು.

"ಅಕ್ಕ, ನೀರಿಂದ ಬೀಳ್ಲಿಲ್ಲ ಅದು," ಎಂದ. ಕಡ್ಡಿ ತುರುಕಿದ್ದು, ಅವಸರ ಮಾಡಿದ್ದು, ಹೆಣದ ಮುಂದೆ ಚೂರು ಆರಿಸಿ ಬಚ್ಚಿಟ್ಟಿದ್ದು, ಎಲ್ಲವನ್ನೂ ತಲೆ ಎತ್ತದೆ ಹೇಳಿದ.

"ನೀರಿಂದಲ್ವಾ?" ಸೋಮಮ್ಮ ಕೇಳಿದರು.

"ಗಿಡ ಅಂದ್ಮೇಲೆ ನೀರು ಹಾಕಲ್ವಾ ಅಕ್ಕ? ಆ ಭಾರ ತಡೆಯೋ ಹಂಗೆ ಕಟ್ಬೇಕಾದವ್ನು ನಾನು."

ಅವರು ಕಿರುಚುತ್ತಾರೆ, ಹೊಡೆಯುತ್ತಾರೆ ಎಂದುಕೊಂಡಿದ್ದ. ಹೊಡೆದಿದ್ದರೆ ವಾಸಿಯಿತ್ತು. ಅವರು ಗೋಡೆ ಹಿಡಿದು ಮೆಲ್ಲಗೆ ಕೂತರು.

"ಕೀರ್ತಿ ನನ್ನನ್ನ ಅಮ್ಮ ಅಂತ ಕರೆದು ಮೂರು ವರ್ಷ ಆಯ್ತು ಕಣೋ," ಎಂದರು. ಕೀರ್ತಿ ಅವರ ಒಬ್ಬಳೇ ಮಗಳು. "ಅಪ್ಪ ಕೆಳಗೆ ಕೂತಿದ್ದು ಕಾಣ್ಲಿಲ್ವಾ, ನೀನೇ ಕೊಂದೆ ಅಂದ್ಬುಟ್ಟು ಹೋದ್ಳು. ಕಡಕೊಳದ ಫ್ಯಾಕ್ಟರೀಲಿ ಕೆಲ್ಸ, ಅಲ್ಲೇ ರೂಮು. ನನ್ನ ಫೋನ್ ಎತ್ತಲ್ಲ. ನೀನು ದಿನಾ ಇದೇ ರೋಡಲ್ಲಿ ಗಾಡೀಲಿ ಹೋಗ್ತಿದ್ಯಲ್ಲೋ! ಒಂದು ದಿನ ಗೇಟ್ ಹತ್ರ ನಿಂತು ಹೇಳಕ್ಕೆ ಏನಾಗಿತ್ತೋ ನಿಂಗೆ?"

ಒಬ್ಬರ ಜೀವ ತೆಗೆದೆನೆಂದೇ ಅವನು ಇಷ್ಟು ದಿನ ಹೆದರಿ ಸತ್ತಿದ್ದ. ಬದುಕಿದ್ದ ಇಬ್ಬರನ್ನೂ ದೂರ ಮಾಡಿದ್ದೇನೆಂದು ಅವನಿಗೆ ಗೊತ್ತೇ ಇರಲಿಲ್ಲ.

"ನಿನ್ ಫೋನ್ ತೆಗಿ," ಎಂದರು ಸೋಮಮ್ಮ. ಒಂದೊಂದೇ ಅಂಕಿಯನ್ನು ಬಾಯಿಪಾಠ ಹೇಳಿದರು. ಅವನು ಒತ್ತಿದ. ನಾಲ್ಕನೇ ಸಲ ರಿಂಗಾದಾಗ, "ಹಲೋ, ಯಾರು?" ಎಂದಿತು ಹುಡುಗಿಯ ದನಿ. ಸೋಮಮ್ಮ ಎದ್ದು ಬಂದು ಆ ಫೋನಿಗೆ ಕಿವಿ ತಾಗಿಸಿ ನಿಂತರು.

"ನಾನಮ್ಮ, ಡ್ರಿಲ್ ನಂಜುಂಡಸ್ವಾಮಿ," ಎಂದ ಅವನು. "ಕೀರ್ತಿ, ನಿಮ್ಮಪ್ಪ ಹೋಗಿದ್ದು ನನ್ನಿಂದ ಕಣಮ್ಮ. ನಿಮ್ಮಮ್ಮನಿಂದಲ್ಲ." ಮತ್ತೆ ಮೊದಲಿನಿಂದ ಎಲ್ಲವನ್ನೂ ಹೇಳಿದ.

ಅವಳು ಅವನನ್ನು ಬೈಯಲಿಲ್ಲ, ಏನನ್ನೂ ವಿಚಾರಿಸಲಿಲ್ಲ. "ಅಮ್ಮ ಅಲ್ಲೇ ಇದ್ದಾಳಾ?" ಎಂದಳು.

ಅವನು ಫೋನನ್ನು ಸೋಮಮ್ಮನ ಕೈಗಿತ್ತು ಗೇಟಿನ ಹೊರಗೆ ಬಿಸಿಲಿನಲ್ಲಿ ಹೋಗಿ ನಿಂತ. ಒಳಗೆ ಸೋಮಮ್ಮ ಮಗಳೊಡನೆ ಮಾತಾಡುತ್ತಾ ಅಳುತ್ತಿದ್ದುದು ಅಲ್ಲಿಗೂ ಕೇಳಿಸುತ್ತಿತ್ತು. ಅದು ಮುಗಿದ ಮೇಲೆ ಸೋಮಮ್ಮ ಹೊರಗೆ ಬಂದು ತನಗೇನು ಹೇಳುತ್ತಾರೋ, ಅದನ್ನು ಕೇಳಿಯೇ ಹೋಗಬೇಕೆಂದು ಅವನು ಅಲ್ಲೇ ನಿಂತಿದ್ದ.