ನೀತಿಯೊಳಗಿನ ಒಂದು ‘ಅಥವಾ’

೧೯೮೯ರ ಜೂನ್‌ನಲ್ಲಿ ನಾನು ಚಿಕ್ಕೋಡಿ ತಾಲ್ಲೂಕಿನಲ್ಲಿ ಶಾಲಾ ಇನ್ಸ್‌ಪೆಕ್ಟರ್ ಆಗಿದ್ದೆ. ನಿಪ್ಪಾಣಿ ಆಗ ಇದೇ ತಾಲ್ಲೂಕಿನಲ್ಲಿತ್ತು. ಅಕ್ಕೋಳದ ಆಚೆಯ ಒಂದು ಹಳ್ಳಿಯ ಶಾಲೆಯಲ್ಲಿ ಹಾಜರಿ ಪುಸ್ತಕ ನೋಡುತ್ತಿದ್ದಾಗ ಹೊರಗೆ ಹೆಣ್ಣುಮಗಳೊಬ್ಬಳ ಧ್ವನಿ ಏರಿತು. ಹೆಡ್‌ಮಾಸ್ತರರು ಆಕೆಯನ್ನು ಬಾಗಿಲಲ್ಲೇ ತಡೆದಿದ್ದರು.

ಆಕೆ ಯಲ್ಲವ್ವ, ಕುರಿಗಾರರ ಮನೆಯವಳು. ಪಕ್ಕದಲ್ಲಿ ಹನ್ನೊಂದು ವರ್ಷದ ಮಗಳು ಸತ್ಯವ್ವ. ಕುರಿಹಿಂಡಿನ ಹಿಂದೆ ವರ್ಷಕ್ಕೆ ಎಂಟು ತಿಂಗಳು ಅಲೆದ ಹುಡುಗಿ ಶಾಲೆ ಕಂಡಿರಲಿಲ್ಲ. ಈಗ ಕುರಿ ಮಾರಿ, ಊರಲ್ಲೇ ಎರಡೆಕರೆ ಉಳುತ್ತ ನೆಲೆನಿಂತಿದ್ದರು. ಮಗಳ ಹೆಸರು ಹಚ್ಚಲು ಯಲ್ಲವ್ವ ಬಂದದ್ದು ಅದು ನಾಲ್ಕನೆಯ ಸಲ.

“ವಯಸ್ಸು ಮೀರೇತ್ರಿ ಬಾಯಾರ. ಅನೌಪಚಾರಿಕ ಕೇಂದ್ರ ಐತೆಲ್ಲ, ಅಲ್ಲಿ ಕುಂಡರ್ಲಿ. ಹೊಸ ಶಿಕ್ಷಣ ನೀತಿಯೊಳಗನ ಹಂಗ ಐತಿ,” ಎಂದರು ಹೆಡ್‌ಮಾಸ್ತರರು ನನ್ನತ್ತ ತಿರುಗಿ. ಆ ಕಡೆ ಹೆಣ್ಣು ಅಧಿಕಾರಿಗಳನ್ನು ‘ಬಾಯಾರ’ ಎಂದೇ ಕರೆಯುತ್ತಿದ್ದರು.

ಹಗಲಿಡೀ ಶಾಲೆಗೆ ಬರಲಾಗದ, ದುಡಿಯುವ ಮಕ್ಕಳಿಗಾಗಿ ತೆರೆದ ಎರಡು ತಾಸಿನ ತರಗತಿಗೆ ಅನೌಪಚಾರಿಕ ಕೇಂದ್ರ ಎನ್ನುತ್ತಿದ್ದರು. ಅದೇ ಮಧ್ಯಾಹ್ನ ಹೋಗಿ ನೋಡಿದೆ. ತಂಬಾಕು ಗೋದಾಮಿನ ಜಗಲಿಯ ಮೇಲೆ ಎಂಟು ಮಕ್ಕಳಿದ್ದರು. ಬೆಳಗಿನಿಂದ ತಂಬಾಕು ಆರಿಸಿ ಬಂದವರಲ್ಲಿ ಮೂವರು ಸ್ಲೇಟಿನ ಮೇಲೇ ತಲೆಯಿಟ್ಟು ಮಲಗಿದ್ದರು. ಕರಿಹಲಗೆ ಇರಲಿಲ್ಲ. ರಿಜಿಸ್ಟರಿನಲ್ಲಿ ಮಾತ್ರ ಇಪ್ಪತ್ತೈದು ಹೆಸರು, ಎಲ್ಲರೂ ಹಾಜರು.

ಯಲ್ಲವ್ವ ನನ್ನ ಹಿಂದೆಯೇ ಬಂದಿದ್ದಳು. “ನಿಮ್ಮ ಮಗಳನ್ನ ಇಲ್ಲಿಗೆ ಕಳಸ್ತೀರೇನ್ರಿ ಬಾಯಾರ?” ಎಂದು ಕೇಳಿದಳು.

ನನ್ನ ಮಗಳು ಆಗ ಐದನೆಯ ತರಗತಿಯಲ್ಲಿದ್ದಳು.

ಮರಳಿ ಶಾಲೆಗೆ ಬಂದು ಸತ್ಯವ್ವನ ಕೈಗೆ ಎರಡನೆಯ ತರಗತಿಯ ಪುಸ್ತಕ ಕೊಟ್ಟೆ. ಒತ್ತಕ್ಷರಗಳಲ್ಲಿ ತಡವರಿಸುತ್ತ ಒಂದು ಪುಟ ಓದಿ ಮುಗಿಸಿದಳು.

“ಯಾರು ಕಲಿಸಿದ್ರವ್ವ?”

“ಬಸ್ಸಿನ ಬೋರ್ಡ್ ನೋಡಿ ಕಲ್ತೇನ್ರಿ. ಮರಾಠಿ ಬೋರ್ಡೂ ಬರ್ತೈತ್ರಿ.”

ಮೂರನೆಯ ತರಗತಿಗೆ ಸೇರಿಸಿಕೊಳ್ಳಲು ದಾಖಲಾತಿ ಪುಸ್ತಕದಲ್ಲಿ ನಾನೇ ಆದೇಶ ಬರೆದು ಸಹಿ ಹಾಕಿದೆ.

ಹದಿನೈದು ದಿನಕ್ಕೆ ಚಿಕ್ಕೋಡಿಯ ಮೇಲಧಿಕಾರಿಗಳಿಂದ ಕಾರಣ ಕೇಳುವ ನೋಟಿಸ್ ಬಂತು. ನೀತಿಯಲ್ಲಿ ಪರ್ಯಾಯ ವ್ಯವಸ್ಥೆ ಇರುವಾಗ ವಯಸ್ಸು ಮೀರಿದ ಮಗುವನ್ನು ಸೇರಿಸಿದ್ದೇಕೆ ಎಂಬುದು ಪ್ರಶ್ನೆ. ಆ ಭಾನುವಾರ ಸಂವಿಧಾನ, ೧೯೬೮ರ ಶಿಕ್ಷಣ ನೀತಿ, ೧೯೮೬ರ ಹೊಸ ನೀತಿ ಮೂರನ್ನೂ ಮುಂದಿಟ್ಟುಕೊಂಡು ಕೂತೆ. ಹದಿನಾಲ್ಕರವರೆಗಿನ ಎಲ್ಲ ಮಕ್ಕಳಿಗೂ ಹತ್ತು ವರ್ಷದೊಳಗೆ ಉಚಿತ, ಕಡ್ಡಾಯ ಶಿಕ್ಷಣ ಸಿಗಬೇಕೆಂದು ಸಂವಿಧಾನ ಹೇಳಿತ್ತು. ಆ ಗಡುವು ೧೯೬೦ಕ್ಕೇ ಮುಗಿದಿತ್ತು. ೧೯೬೮ರ ನೀತಿ ಬೇಗ ಈಡೇರಿಸಲು ಶ್ರಮಿಸಬೇಕು ಎಂದಿತೇ ಹೊರತು ಹೊಸ ಗಡುವು ಹಾಕಲಿಲ್ಲ. ೧೯೮೬ರದು ಹೊಸ ಗಡುವು ಕೊಟ್ಟಿತು: ೧೯೯೦ರೊಳಗೆ, ಹನ್ನೊಂದು ತುಂಬಿದ ಪ್ರತಿ ಮಗುವಿಗೂ ಐದು ವರ್ಷದ ಶಾಲಾ ಶಿಕ್ಷಣ, ಅಥವಾ ಅದಕ್ಕೆ ಸಮನಾದ ಅನೌಪಚಾರಿಕ ಶಿಕ್ಷಣ ಆಗಿರಬೇಕು.

ಆ ‘ಅಥವಾ’ವನ್ನು ಬರೆದದ್ದು ಶಾಲೆಗೆ ಬರಲಾಗದ ಮಕ್ಕಳಿಗಾಗಿ. ನಾವು ಅದನ್ನು ಬಾಗಿಲಿಗೆ ಬಂದು ನಿಂತ ಮಗುವನ್ನು ಹೊರಗಟ್ಟಲು ಬಳಸುತ್ತಿದ್ದೆವು. ‘ಸಮನಾದ’ ಎಂಬ ಮಾತಂತೂ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ನಾಲ್ಕು ಪುಟದ ಉತ್ತರದಲ್ಲಿ ಇದನ್ನೇ ಬರೆದೆ.

ಚಿಕ್ಕೋಡಿಯ ವಿಚಾರಣೆಯಲ್ಲಿ ಮೇಲಧಿಕಾರಿಗಳು ಕಾಗದ ಬದಿಗಿಟ್ಟು ಕೇಳಿದರು: “ಎಲ್ಲಾರ್ನೂ ಸಾಲಿಗೆ ಹಾಕ್ಕೋತ ಹೋದ್ರ ಕೂಡ್ಸೂದು ಎಲ್ಲಿ?”

“ಖೋಲಿ ಸಾಲೂದಿಲ್ಲಂತ ಮ್ಯಾಲಿನವರಿಗೆ ಬರೀರಿ ಸರ್. ಅದಕ್ಕ ಆ ಹುಡುಗೀನ ಯಾಕ ಹೊರಗ ನಿಲ್ಲಸ್ತೀರಿ?”

ನನ್ನ ಸರ್ವಿಸ್ ಬುಕ್ಕಿನಲ್ಲಿ ‘ಎಚ್ಚರಿಕೆ ನೀಡಲಾಗಿದೆ’ ಎಂದು ಬರೆದರು. ದಾಖಲಾತಿ ರದ್ದುಮಾಡುವ ಧೈರ್ಯ ಮಾತ್ರ ಅವರಿಗೆ ಬರಲಿಲ್ಲ. ಸತ್ಯವ್ವ ೧೯೯೪ರಲ್ಲಿ ಏಳನೆಯ ತರಗತಿ ಪಾಸಾಗಿ ಹೈಸ್ಕೂಲಿಗೆ ಹೋದಳು.

ವಿಚಾರಣೆ ಮುಗಿದ ವಾರವೇ ಆ ಕೇಂದ್ರದ ರಿಜಿಸ್ಟರ್ ಹಿಡಿದು ಮನೆಮನೆಗೆ ಹೋದೆ. ಹಗಲು ಶಾಲೆಗೆ ಬರಬಲ್ಲ ಮಕ್ಕಳು ಒಂಬತ್ತು ಮಂದಿ ಸಿಕ್ಕರು; ಅವರನ್ನೂ ಶಾಲೆಗೆ ಸೇರಿಸಿದೆ. ಅವರಲ್ಲಿ ಆರು ಜನ ಶಾಲೆಯಲ್ಲಿ ಉಳಿದರು. ಮೂವರು ಹುಡುಗಿಯರು ದೀಪಾವಳಿ ಮುಗಿದ ಮೇಲೆ ತಂಬಾಕಿನ ಕೆಲಸಕ್ಕೇ ಮರಳಿದರು. ಅವರನ್ನು ತಡೆಯಲು ನನ್ನಿಂದಾಗಲಿಲ್ಲ.

ಮುಂದಿನ ಸರ್ವಿಸಿನಲ್ಲಿ ಎಷ್ಟೋ ಸುತ್ತೋಲೆಗಳು ನನ್ನ ಟೇಬಲ್ಲಿಗೆ ಬಂದವು. ಯಾವುದೇ ಬರಲಿ, ಅದು ಕೊಟ್ಟ ಭರವಸೆಗಿಂತ ಮೊದಲು ಅದು ಕೊಟ್ಟ ವಿನಾಯಿತಿಯನ್ನು ಹುಡುಕಿ ಓದುತ್ತಿದ್ದೆ. ಆಮೇಲೆ ಆ ವಿನಾಯಿತಿ ಯಾರ ಮನೆಯ ಮಗುವಿನ ಮೇಲೆ ಬೀಳುತ್ತದೆಂದು ಹೋಗಿ ನೋಡುತ್ತಿದ್ದೆ. ಸತ್ಯವ್ವ ಶಾಲೆಗೆ ಸೇರಿದ ವರ್ಷದ ವರದಿಯಲ್ಲಿ, ತಂಬಾಕಿಗೆ ಮರಳಿದ ಆ ಮೂವರು ಹುಡುಗಿಯರ ಹೆಸರು ಕೇಂದ್ರದ ರಿಜಿಸ್ಟರಿನಲ್ಲಿ ಉಳಿದಿದ್ದರಿಂದ, ಅವರನ್ನೂ ಇಲಾಖೆ ‘ಶಿಕ್ಷಣ ಪಡೆಯುತ್ತಿರುವವರು’ ಎಂದೇ ಲೆಕ್ಕ ಹಿಡಿಯಿತು.